ಹಳೆಯ ಯಂತ್ರಕ್ಕೊಂದು ಹೊಸ ಅವಸರ

ಕಂಪ್ಯೂಟರಿನ ಒಳಗೆ ಒಂದು ತಾಳವಿರುತ್ತದೆ. ದಿನವೂ ಅದನ್ನು ಬಳಸುವವರಿಗೂ ಇದು ನೆನಪಿರುವುದಿಲ್ಲ. ಪರದೆಯ ಮೂಲೆಯಲ್ಲಿ ಗಂಟೆ ತೋರಿಸುವ ಗಡಿಯಾರವಲ್ಲ ಇದು; ಚಿಕ್ಕದೊಂದು ಲೋಹದ ಡಬ್ಬಿಯೊಳಗೆ ಕೂತಿರುವ ಸ್ಫಟಿಕದ ಚೂರು. ವಿದ್ಯುತ್ ಕೊಟ್ಟರೆ ಅದು ಒಂದೇ ಸಮನೆ ಕಂಪಿಸುತ್ತದೆ. ಆ ಕಂಪನದ ಪೆಟ್ಟಿಗೆ ಸರಿಯಾಗಿ ಪ್ರೊಸೆಸರ್ ಒಂದೊಂದೇ ಹೆಜ್ಜೆ ಇಡುತ್ತದೆ. ಪೆಟ್ಟು ಬೀಳದೆ ಹೆಜ್ಜೆಯಿಲ್ಲ. ಕೂಡುವುದು, ಕಳೆಯುವುದು, ಮೆಮೊರಿಯಿಂದ ಒಂದು ಅಂಕಿಯನ್ನು ತೆಗೆದುಕೊಳ್ಳುವುದು, ಎಲ್ಲಕ್ಕೂ ಇಷ್ಟಿಷ್ಟು ಪೆಟ್ಟು ಎಂಬ ಲೆಕ್ಕವಿದೆ.

ತಯಾರಕರು ಗೊತ್ತುಮಾಡಿದ್ದಕ್ಕಿಂತ ಜೋರಾಗಿ ಈ ತಾಳ ಹಾಕಿಸುವುದನ್ನು ಓವರ್‌ಕ್ಲಾಕಿಂಗ್ ಎನ್ನುತ್ತಾರೆ. ಹೊಸ ಕಂಪ್ಯೂಟರಿಗೆ ಹೀಗೆ ಮಾಡುವವರಿಗೆ ಕಾರಣವಿರುತ್ತದೆ. ದುಬಾರಿ ಪ್ರೊಸೆಸರ್ ಕೊಳ್ಳುವ ಬದಲು ಅಗ್ಗದ್ದನ್ನೇ ಸ್ವಲ್ಪ ಹೆಚ್ಚು ದುಡಿಸಿಕೊಳ್ಳಬಹುದು. ಆದರೆ ನಲವತ್ತು ವರ್ಷ ಹಿಂದಿನ ಮನೆ ಕಂಪ್ಯೂಟರನ್ನು ಬಿಚ್ಚಿ, ಅದರ ತಾಳ ಬದಲಿಸುವವರೂ ಇದ್ದಾರೆ. ಆ ಯಂತ್ರದ ವೇಗವನ್ನು ಎರಡು ಪಟ್ಟು ಮಾಡಿದರೂ ಅದು ನಮ್ಮ ಜೇಬಿನಲ್ಲಿರುವ ಫೋನಿನ ಹತ್ತಿರಕ್ಕೂ ಬರುವುದಿಲ್ಲ. ಲಾಭದ ಮಾತು ಇಲ್ಲವೇ ಇಲ್ಲ. ಲಾಭವಿಲ್ಲದಿರುವುದರಿಂದಲೇ ಇಲ್ಲೊಂದು ಪ್ರಶ್ನೆ ತಿಳಿಯಾಗಿ ಕಾಣುತ್ತದೆ. ಹಳೆಯ ವಸ್ತುವೊಂದನ್ನು ಅದರ ವೇಗ ಬಿಡಿಸಿ ನಮ್ಮ ವೇಗಕ್ಕೆ ಓಡಿಸುವುದರಲ್ಲಿ ತಪ್ಪೇನಾದರೂ ಇದೆಯೇ? ಇದ್ದರೆ ಅದು ಯಾರ ವಿಷಯದಲ್ಲಿ ಮಾಡುವ ತಪ್ಪು?

ಈ ಪ್ರಶ್ನೆ ನನ್ನ ತಲೆಗೆ ಬಂದದ್ದು ಗೆಳೆಯರೊಬ್ಬರಿಂದ. ಎಲೆಕ್ಟ್ರಾನಿಕ್ಸ್ ಕೆಲಸದಿಂದ ನಿವೃತ್ತರಾದವರು. ಅವರ ಬಳಿ ಒಂದು ಝಡ್ಎಕ್ಸ್ ಸ್ಪೆಕ್ಟ್ರಮ್ ಇದೆ. ಕೆಲಸ ಮಾಡುವ ಸ್ಥಿತಿಯಲ್ಲೇ ಇದೆ. ಅದನ್ನು ಇಮ್ಮಡಿ ವೇಗಕ್ಕೆ ಏರಿಸಬೇಕೆಂಬ ಆಸೆ ಅವರಿಗೆ. "ಏನಂತೀರಿ?" ಎಂದು ಕೇಳಿದರು. ನನ್ನ ಅಪ್ಪಣೆಯೇನೂ ಅವರಿಗೆ ಬೇಕಿರಲಿಲ್ಲ. ಆದರೂ ಕೇಳಿದರು ಎಂದರೆ ಅವರಿಗೂ ಒಳಗೊಳಗೆ ಏನೋ ಅನುಮಾನವಿದ್ದಿರಬೇಕು.

ಮೊದಲು ಆ ಯಂತ್ರದ ಪರಿಚಯ. ಸ್ಪೆಕ್ಟ್ರಮ್ ಇಂಗ್ಲೆಂಡಿನಲ್ಲಿ ಮಾರುಕಟ್ಟೆಗೆ ಬಂದದ್ದು 1982ರ ಏಪ್ರಿಲ್‌ನಲ್ಲಿ. 16 ಕಿಲೋಬೈಟ್ ಮೆಮೊರಿಯದ್ದಕ್ಕೆ 125 ಪೌಂಡ್, 48 ಕಿಲೋಬೈಟಿನದ್ದಕ್ಕೆ 175 ಪೌಂಡ್. ರಬ್ಬರಿನ ಕೀಲಿಗಳು. ಪರದೆಗೆ ಮನೆಯ ಟೀವಿ, ಪ್ರೋಗ್ರಾಮುಗಳನ್ನು ಇಡುವುದಕ್ಕೆ ಮಾಮೂಲಿ ಕ್ಯಾಸೆಟ್ ಟೇಪ್. 1988ರಲ್ಲಿ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಎಂಬ ಕಂಪನಿ ಪರವಾನಗಿ ಪಡೆದು ಇದರದ್ದೇ ಒಂದು ರೂಪವನ್ನು ಭಾರತದಲ್ಲೂ ಮಾರಿತು. ಹಾಗಾಗಿ ನಮ್ಮಲ್ಲೂ ಕೆಲವರಿಗೆ ಅದರ ನೆನಪಿದೆ.

ಒಳಗಿರುವುದು ಝಡ್80ಎ ಪ್ರೊಸೆಸರ್. ವೇಗ 3.5 ಮೆಗಾಹರ್ಟ್ಜ್, ಅಂದರೆ ಸೆಕೆಂಡಿಗೆ ಮೂವತ್ತೈದು ಲಕ್ಷ ಪೆಟ್ಟು. ಸ್ವಾರಸ್ಯವೆಂದರೆ, ಈ ಪ್ರೊಸೆಸರಿಗೆ 4 ಮೆಗಾಹರ್ಟ್ಜ್‌ವರೆಗೆ ಓಡುವ ಶಕ್ತಿಯಿದೆ ಎಂದು ತಯಾರಿಸಿದವರೇ ಹೇಳಿದ್ದರು. ಮತ್ತೆ 3.5 ಯಾಕೆ? ಟೀವಿಗಾಗಿ. ಬೋರ್ಡಿನ ಮೇಲಿರುವುದು 14 ಮೆಗಾಹರ್ಟ್ಜ್‌ನ ಒಂದು ಸ್ಫಟಿಕ. ಫೆರಾಂಟಿ ಕಂಪನಿ ಮಾಡಿಕೊಟ್ಟ ಯುಎಲ್ಎ ಎಂಬ ಚಿಪ್ ಅದನ್ನು ಎರಡರಿಂದ ಭಾಗಿಸಿ ಪರದೆಯ ಚುಕ್ಕಿಗಳನ್ನು ಮೂಡಿಸುತ್ತದೆ, ನಾಲ್ಕರಿಂದ ಭಾಗಿಸಿ ಪ್ರೊಸೆಸರಿಗೆ ತಾಳ ಕೊಡುತ್ತದೆ. ಖರ್ಚು ಉಳಿಸುವುದಕ್ಕೆ ಎರಡು ಕೆಲಸವನ್ನೂ ಒಂದೇ ತಾಳಕ್ಕೆ ಕಟ್ಟಿದ್ದಾರೆ. ಆದ್ದರಿಂದ ಸ್ಫಟಿಕವನ್ನು ಕಿತ್ತು ಜೋರಾದ ಇನ್ನೊಂದನ್ನು ಕೂರಿಸಿದರೆ ಆಗುವುದಿಲ್ಲ. ಟೀವಿಯ ಚಿತ್ರವೇ ಚದುರಿಹೋಗುತ್ತದೆ. ಯುಎಲ್ಎಯಿಂದ ಪ್ರೊಸೆಸರಿಗೆ ಹೋಗುವ ಜಾಡನ್ನು ಕಡಿದು, ಪ್ರೊಸೆಸರಿಗೆ ಬೇರೆ ತಾಳ ಕೊಡಬೇಕು. ಸಾಲದಿದ್ದರೆ ಪ್ರೊಸೆಸರನ್ನೇ ಬೆಸುಗೆ ಬಿಡಿಸಿ ತೆಗೆದು ವೇಗದ ತಳಿಯದ್ದನ್ನು ಹಾಕಬೇಕು.

ಇದೆಲ್ಲ ಕೈಗೂಡಿತು ಎನ್ನೋಣ. 7 ಮೆಗಾಹರ್ಟ್ಜ್ ಬಂತು. ಈಗ ಏನಾಗುತ್ತದೆ?

ಮೊದಲು ಕಿವಿಗೆ ಗೊತ್ತಾಗುತ್ತದೆ. ಸ್ಪೆಕ್ಟ್ರಮ್‌ನಲ್ಲಿ ಸದ್ದು ಮಾಡಲು ಬೇರೆ ಚಿಪ್ ಇಲ್ಲ. ಪ್ರೊಸೆಸರೇ ಪೆಟ್ಟು ಎಣಿಸುತ್ತ ಸ್ಪೀಕರನ್ನು ಹಿಂದೆ ಮುಂದೆ ಎಳೆಯುತ್ತದೆ. ತಾಳ ಇಮ್ಮಡಿಯಾದರೆ ಅದೇ ಸ್ವರ ಒಂದು ಸ್ಥಾಯಿ ಮೇಲೆ ಕೇಳುತ್ತದೆ, ಅರ್ಧ ಹೊತ್ತಿನಲ್ಲಿ ಮುಗಿದುಹೋಗುತ್ತದೆ. ಮಧ್ಯಸ್ಥಾಯಿಯಲ್ಲಿ ಹಾಡಿದ್ದು ತಾರಕ್ಕೆ ಏರಿಬಿಡುತ್ತದೆ.

ಆಮೇಲೆ ಕ್ಯಾಸೆಟ್. ಟೇಪಿನಲ್ಲಿ ಸೊನ್ನೆ ಮತ್ತು ಒಂದನ್ನು ಬರೆದಿಡುವ ಕ್ರಮ ಸರಳವಾದದ್ದು. ಸೊನ್ನೆಗೆ 855 ಪೆಟ್ಟಿನ ಎರಡು ನಾಡಿ, ಒಂದಕ್ಕೆ 1710 ಪೆಟ್ಟಿನ ಎರಡು ನಾಡಿ. ಒಂದು ಗಿಡ್ಡ, ಇನ್ನೊಂದು ಸರಿಯಾಗಿ ಅದರ ಎರಡರಷ್ಟು ಉದ್ದ. ಯಂತ್ರ ತನ್ನ ತಾಳದಲ್ಲಿ ಎಣಿಸಿ ಯಾವುದು ಯಾವುದೆಂದು ಗುರುತಿಸುತ್ತದೆ. ತಾಳ ಇಮ್ಮಡಿಯಾದಾಗ ಟೇಪು ಮಾತ್ರ ತನ್ನ ಪಾಡಿಗೆ ಹಳೆಯ ವೇಗದಲ್ಲೇ ಓಡುತ್ತಿರುತ್ತದೆ. ಈಗ ಸೊನ್ನೆಯನ್ನು ಎಣಿಸಿದರೆ 1710 ಪೆಟ್ಟು ಬರುತ್ತದೆ. ಸೊನ್ನೆ ಒಂದಾಗಿ ಕಾಣುತ್ತದೆ, ಒಂದು ಏನೂ ಅಲ್ಲದ್ದಾಗುತ್ತದೆ. ನಿಜಕ್ಕೂ ವಿಷಯ ಅಲ್ಲಿಯವರೆಗೆ ಹೋಗುವುದೂ ಇಲ್ಲ. ಟೇಪಿನ ಆರಂಭದಲ್ಲಿ "ಬರುತ್ತಿದ್ದೇನೆ" ಎಂದು ಕೂಗಿ ಹೇಳುವ ಉದ್ದನೆಯ ನಾದವೊಂದಿರುತ್ತದೆ. ಅದೂ ಎರಡರಷ್ಟು ಹಿಗ್ಗಿ ಯಂತ್ರ ಕಾಯುವ ಮಿತಿಯನ್ನು ದಾಟಿಬಿಡುತ್ತದೆ. ಯಾರೋ ತನ್ನೊಡನೆ ಮಾತಾಡುತ್ತಿದ್ದಾರೆ ಎಂಬುದೇ ಅದಕ್ಕೆ ತಿಳಿಯುವುದಿಲ್ಲ.

ಎಷ್ಟೋ ಕಾಲ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಇದು. ನಾಗಸೇನ ಭಿಕ್ಷು ಮಿಲಿಂದ ರಾಜನಿಗೆ ಕೇಳಿದ ರಥದ ಪ್ರಶ್ನೆ ನಮಗೆ ಗೊತ್ತು. ಗಾಲಿ ರಥವೇ, ಅಚ್ಚು ರಥವೇ, ನೊಗ ರಥವೇ? ಒಂದೊಂದೇ ಭಾಗ ಬದಲಿಸುತ್ತ ಹೋದರೆ ಅದು ಅದೇ ರಥವಾಗಿ ಉಳಿಯುತ್ತದೆಯೇ ಎಂದು ನಾವು ಆ ಪ್ರಶ್ನೆಯನ್ನು ಇನ್ನೂ ಬೆಳೆಸಬಹುದು. ಈ ಪುಟ್ಟ ಯಂತ್ರ ಅದಕ್ಕೊಂದು ವಿಚಿತ್ರ ಉತ್ತರ ಕೊಡುತ್ತದೆ. ಇದರ ಪ್ರೊಸೆಸರ್, ಮೆಮೊರಿ, ಯುಎಲ್ಎ ಎಲ್ಲವನ್ನೂ ಬದಲಿಸಿ ಹೊಸದು ಹಾಕಿ. ತಾಳ ಹಳೆಯದೇ ಆಗಿದ್ದರೆ 1982ರ ಟೇಪು ಅದನ್ನು ಗುರುತಿಸುತ್ತದೆ. ಹಳೆಯ ಭಾಗಗಳನ್ನೆಲ್ಲ ಹಾಗೆಯೇ ಬಿಟ್ಟು ತಾಳ ಮಾತ್ರ ಬದಲಿಸಿದರೆ, ಅದಕ್ಕಾಗಿಯೇ ಬರೆದ ಟೇಪಿಗೆ ಅದು ಅಪರಿಚಿತ. ಅದನ್ನು ನಂಬಿ ಬಂದವರ ಪಾಲಿಗೆ ಆ ಯಂತ್ರವೆಂದರೆ ಅದರ ನಡಿಗೆಯೇ.

ಗೆಳೆಯರಿಗೆ ಇದನ್ನು ಹೇಳಿದೆ. ಅವರ ಬಳಿ ಉತ್ತರ ಸಿದ್ಧವಿತ್ತು. "ಅಲ್ಲಾ ಸ್ವಾಮಿ, ಈ 3.5 ಅನ್ನೋದು ವೇದವಾಕ್ಯವೇ? ಖರ್ಚು ಉಳಿಸೋಕೆ ಮಾಡಿದ ಏರ್ಪಾಡು ಅಂತ ನೀವೇ ಹೇಳಿದ್ರಿ. ಅವತ್ತು ಇನ್ನೊಂದು ಸ್ಫಟಿಕ ಹಾಕೋ ದುಡ್ಡಿದ್ದಿದ್ರೆ ಅವರೇ ಜೋರಾಗಿ ಓಡಿಸ್ತಿದ್ರು."

ಇದು ತಳ್ಳಿಹಾಕುವ ಮಾತಲ್ಲ. ಮಿತಿಗಳೆಲ್ಲ ಪವಿತ್ರವಲ್ಲ. ಐಬಿಎಂ ಕಂಪನಿ 1984ರಲ್ಲಿ ಪಿಸಿ ಎಟಿ ಎಂಬ ಕಂಪ್ಯೂಟರನ್ನು 6 ಮೆಗಾಹರ್ಟ್ಜ್ ವೇಗದಲ್ಲಿ ಮಾರಿತು. ಕೊಂಡವರಲ್ಲಿ ಕೆಲವರು ಸ್ಫಟಿಕವನ್ನು ಬದಲಿಸಿದರೆ ಅದು 8ರಲ್ಲೂ ಸಲೀಸಾಗಿ ಓಡುತ್ತದೆಂದು ಕಂಡುಕೊಂಡರು. ಕಂಪನಿ ಮುಂದಿನ ಆವೃತ್ತಿಯಲ್ಲಿ, ವೇಗ ಹೆಚ್ಚಿದೆಯೇ ಎಂದು ಆರಂಭದಲ್ಲೇ ಪರೀಕ್ಷಿಸಿ ಹೆಚ್ಚಿದ್ದರೆ ಮುಂದೆ ಹೋಗಲು ಒಪ್ಪದ ಪ್ರೋಗ್ರಾಮೊಂದನ್ನು ಸೇರಿಸಿತು. ಅಲ್ಲಿ ಮಿತಿ ಯಂತ್ರದ್ದಾಗಿರಲಿಲ್ಲ, ಮಾರುವವರದ್ದಾಗಿತ್ತು. ಅದನ್ನು ಮೀರಿದವರನ್ನು ತಪ್ಪಿತಸ್ಥರೆನ್ನಲು ನನಗೆ ಮನಸ್ಸು ಬರುವುದಿಲ್ಲ. ದುಡ್ಡು ಕೊಟ್ಟು ತಂದ ವಸ್ತು ತನ್ನ ಮನೆಯಲ್ಲಿ ಎಷ್ಟು ವೇಗವಾಗಿ ಓಡಬೇಕೆಂದು ತೀರ್ಮಾನಿಸುವ ಹಕ್ಕು ಕೊಂಡವನದ್ದು.

"ಮೂಲ ವೇಗ" ಎಂಬುದೂ ನಾವು ತಿಳಿದಷ್ಟು ಗಟ್ಟಿಯಾದದ್ದಲ್ಲ. ಅದೇ ಕಾಲದ ಕಮೊಡೋರ್ 64 ಕಂಪ್ಯೂಟರಿನ ಸಂಗೀತ ಸಾಮಾನ್ಯವಾಗಿ ಟೀವಿಯ ಚಿತ್ರಕ್ಕೆ ತಾಳೆಯಾಗಿ ನಡೆಯುತ್ತಿತ್ತು. ಯೂರೋಪಿನ ಟೀವಿ ಸೆಕೆಂಡಿಗೆ 50 ಸಲ ಚಿತ್ರ ಬದಲಿಸಿದರೆ ಅಮೆರಿಕದ್ದು 60 ಸಲ. ಲಂಡನ್ನಿನಲ್ಲಿ ಬರೆದ ಹಾಡು ನ್ಯೂಯಾರ್ಕಿನಲ್ಲಿ ನೂರಕ್ಕೆ 20ರಷ್ಟು ಅವಸರವಾಗಿ ಓಡುತ್ತಿತ್ತು. ಎರಡೂ ಕಡೆಯ ಮಕ್ಕಳು ತಾವು ಕೇಳಿದ್ದೇ ಅಸಲಿ ಎಂದುಕೊಂಡು ಬೆಳೆದರು.

ಹಾಗಾದರೆ ಗೆಳೆಯರ ಮಾತನ್ನು ಒಪ್ಪಿಬಿಡಬೇಕೆ? ಅರ್ಧ ಒಪ್ಪುತ್ತೇನೆ. ಮಿತಿ ಹುಟ್ಟುವುದು ಬಹಳ ಸಲ ಆಕಸ್ಮಿಕವಾಗಿ, ಒಮ್ಮೊಮ್ಮೆ ಜಿಪುಣತನದಿಂದ. ಆದರೆ ಅದರ ಮೇಲೆ ಬೇರೆಯವರು ಏನನ್ನಾದರೂ ಕಟ್ಟಿದ ಮೇಲೆ ಅದರ ಹುಟ್ಟಿನ ಕಥೆಗೆ ಅಷ್ಟು ಬೆಲೆಯಿಲ್ಲ. ಭಾಮಿನಿ ಷಟ್ಪದಿಯಲ್ಲಿ ಮೂರು ಮತ್ತು ನಾಲ್ಕು ಮಾತ್ರೆಗಳ ಗಣ ಒಂದರ ಹಿಂದೊಂದು ಬರಬೇಕೆಂದು ಪ್ರಕೃತಿಯ ನಿಯಮವೇನಿಲ್ಲ. ಐದೈದು ಬರಬಹುದಿತ್ತು. ಆದರೆ ಕುಮಾರವ್ಯಾಸ ಆ ಲೆಕ್ಕವನ್ನು ನಂಬಿ ಒಂದು ಭಾರತವನ್ನೇ ಬರೆದ ಮೇಲೆ, ಗಮಕಿಯೊಬ್ಬರು "ಇದೊಂದು ಆಕಸ್ಮಿಕ" ಎಂದು ಮಾತ್ರೆ ಬದಲಿಸಿ ಓದಿದರೆ ನಾವು ಕೇಳುವುದು ಕುಮಾರವ್ಯಾಸನನ್ನಲ್ಲ.

ಸ್ಪೆಕ್ಟ್ರಮ್‌ಗೆ ಪ್ರೋಗ್ರಾಮ್ ಬರೆದವರೂ ಮಾತ್ರೆ ಎಣಿಸಿದವರೇ. ಟೀವಿಯ ಒಂದು ಗೆರೆ ಮೂಡುವುದಕ್ಕೆ 224 ಪೆಟ್ಟು. ಪೂರ್ತಿ ಚಿತ್ರಕ್ಕೆ 312 ಗೆರೆ, ಒಟ್ಟು 69,888 ಪೆಟ್ಟು. ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರದ ಒಂದು ಚೌಕದಲ್ಲಿ ಎರಡೇ ಬಣ್ಣ ಹಾಕಲು ಯಂತ್ರ ಬಿಡುತ್ತಿತ್ತು. ಕೆಲವರು ಈ ಪೆಟ್ಟುಗಳನ್ನು ಎಣಿಸಿ, ಟೀವಿಯ ಕಿರಣ ಒಂದು ಗೆರೆ ದಾಟುವಷ್ಟರಲ್ಲಿ ಬಣ್ಣ ಬದಲಿಸಿ, ಒಂದೇ ಚೌಕದಲ್ಲಿ ಎರಡಕ್ಕಿಂತ ಹೆಚ್ಚು ಬಣ್ಣ ತೋರಿಸಿದರು. ಆ ಜಾಣ್ಮೆಗೆ ಯಂತ್ರದ ನಿಧಾನವೇ ಆಧಾರ. ತಾಳ ಬದಲಾದರೆ ಬಣ್ಣಗಳೆಲ್ಲ ತಪ್ಪು ಜಾಗದಲ್ಲಿ ಬೀಳುತ್ತವೆ.

ಇನ್ನೊಂದು ಬಗೆಯ ಪ್ರೋಗ್ರಾಮುಗಳೂ ಇವೆ. 1987ರ ಡ್ರಿಲ್ಲರ್ ಎಂಬ ಆಟ ಸ್ಪೆಕ್ಟ್ರಮ್‌ನ ಪರದೆಯಲ್ಲಿ ಮೂರು ಆಯಾಮದ ಒಂದು ಜಗತ್ತನ್ನು ಗಟ್ಟಿ ಗೋಡೆಗಳೊಂದಿಗೆ ಕಟ್ಟಿತು. ಆಟಗಾರ ತಲೆ ತಿರುಗಿಸಿದರೆ ಹೊಸ ನೋಟ ಮೂಡಲು ಕಾಯಬೇಕಿತ್ತು. ಆ ನಿಧಾನವನ್ನು ಬರೆದವರು ಬಯಸಿರಲಿಲ್ಲ, ಸಹಿಸಿಕೊಂಡಿದ್ದರು. ಇಂಥದ್ದಕ್ಕೆ ಇಮ್ಮಡಿ ವೇಗ ಕೊಟ್ಟರೆ ಅವರು ಮನಸ್ಸಿನಲ್ಲಿ ಕಂಡಿದ್ದು ನಮ್ಮ ಕಣ್ಣಿಗೆ ಸ್ವಲ್ಪ ಹತ್ತಿರ ಬರುತ್ತದೆ. ಅಂದರೆ ನಿಧಾನದಲ್ಲಿ ಎರಡು ಬಗೆಯಿದೆ. ಕೃತಿಕಾರ ಮಣ್ಣಿನಂತೆ ಕಲಸಿ ಬಳಸಿಕೊಂಡ ನಿಧಾನ ಒಂದು, ಅವನು ಕೊನೆಯವರೆಗೆ ಗುದ್ದಾಡಿದ ನಿಧಾನ ಇನ್ನೊಂದು. ಹೊರಗಿನಿಂದ ನೋಡುವವನಿಗೆ ಎರಡೂ ಒಂದೇ ಥರ ಕಾಣುತ್ತವೆ. ವೇಗ ಏರಿಸುವವನು ಎರಡನ್ನೂ ಒಟ್ಟಿಗೇ ಅಳಿಸುತ್ತಾನೆ. ಇವನಿಗೆ ಬೇಕು, ಅವನಿಗೆ ಬೇಡ ಎಂದು ಆರಿಸುವ ಅವಕಾಶ ಆ ಕಡಿದ ಜಾಡಿನಲ್ಲಿ ಇರುವುದಿಲ್ಲ.

ಹೊಸ ಚರ್ಚೆಯೇನಲ್ಲ ಇದು. ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಹಳೆಯ ಚರ್ಚುಗಳ ಜೀರ್ಣೋದ್ಧಾರದ ಬಗ್ಗೆ ದೊಡ್ಡ ಜಗಳ ನಡೆಯಿತು. ಫ್ರಾನ್ಸಿನ ವಿಯೊಲೆ-ಲ-ಡ್ಯುಕ್, ಕಟ್ಟಡವೊಂದನ್ನು ಉದ್ಧಾರ ಮಾಡುವುದೆಂದರೆ ಅದು ಹಿಂದೆಂದೂ ಇದ್ದಿರದ ಪೂರ್ಣ ಸ್ಥಿತಿಗೂ ಅದನ್ನು ತರಬಹುದು ಎಂಬ ನಿಲುವಿನವನು. ಇಂಗ್ಲೆಂಡಿನ ಜಾನ್ ರಸ್ಕಿನ್‌ಗೆ ಇದು ಸುಳ್ಳಿನ ಕೆಲಸವಾಗಿ ಕಂಡಿತು. ಅವನ ಹಾದಿಯಲ್ಲೇ ವಿಲಿಯಂ ಮಾರಿಸ್ 1877ರಲ್ಲಿ ಹಳೆಯ ಕಟ್ಟಡಗಳ ರಕ್ಷಣೆಗೆ ಸಂಘವೊಂದನ್ನು ಕಟ್ಟಿದ. ಹಳೆಯ ಕಟ್ಟಡ ನಮ್ಮದಲ್ಲ; ಭಾಗಶಃ ಕಟ್ಟಿದವರದ್ದು, ಭಾಗಶಃ ಮುಂದೆ ಬರುವವರದ್ದು ಎಂಬುದು ರಸ್ಕಿನ್ ಪಂಥದ ವಾದದ ತಿರುಳು. ಏಳು ಮೆಗಾಹರ್ಟ್ಜ್‌ನ ಸ್ಪೆಕ್ಟ್ರಮ್ ಎಂದರೆ ವಿಯೊಲೆ-ಲ-ಡ್ಯುಕ್‌ನ ಚರ್ಚು. ಬಹಳ ಸೊಗಸಾಗಿರಬಹುದು, ಆದರೆ ಅಂಥದ್ದು ಆ ಕಾಲದಲ್ಲಿ ಇರಲಿಲ್ಲ.

ಆದರೆ ಕಲ್ಲಿನ ಕಟ್ಟಡದ ವಾದವನ್ನು ಹಾಗೆಯೇ ಎತ್ತಿ ಇಲ್ಲಿಗೆ ತರಲಾಗದು. ಲಕ್ಷಗಟ್ಟಲೆ ತಯಾರಾದ ವಸ್ತುವಿನ ಒಂದು ಪ್ರತಿ, ಊರಿಗೊಂದೇ ಇರುವ ದೇವಸ್ಥಾನದಂತಲ್ಲ. ಅಷ್ಟಲ್ಲದೆ, ಈ ಯಂತ್ರ ತಯಾರಾದದ್ದೇ ಜನ ಕೈಹಾಕಲಿ ಎಂದು. ಅದರ ಬೆನ್ನಿಗೆ ಪ್ರೊಸೆಸರಿನ ತಂತಿಗಳನ್ನೆಲ್ಲ ಬಯಲಿಗಿಟ್ಟ ಕನೆಕ್ಟರ್ ಇದೆ. ಪೆಟ್ಟಿಗೆಯ ಜತೆ ಪ್ರೋಗ್ರಾಮಿಂಗ್ ಕಲಿಸುವ ಪುಸ್ತಕ ಕೊಡುತ್ತಿದ್ದರು. ಅಂಥದ್ದನ್ನು ಗಾಜಿನ ಕಪಾಟಿನಲ್ಲಿ ಪೂಜೆಗಿಡುವುದೂ ಅದಕ್ಕೆ ಮಾಡುವ ಮರ್ಯಾದೆಯಲ್ಲ.

ಇಲ್ಲಿ ಕ್ಯಾಂಟ್ ನೆನಪಾಗುತ್ತಾನೆ. ಪ್ರಾಣಿಗಳನ್ನು ಹಿಂಸಿಸಬಾರದು, ಯಾಕೆಂದರೆ ಆ ರೂಢಿಯಿಂದ ಮನುಷ್ಯರ ಬಗ್ಗೆಯೂ ನಮ್ಮ ಮನಸ್ಸು ಕಲ್ಲಾಗುತ್ತದೆ ಎಂದು ಅವನು ವಾದಿಸಿದ್ದ. ಈ ವಾದವನ್ನು ಯಂತ್ರಕ್ಕೂ ಎಳೆಯಬಹುದೇ ಎಂದು ನಾನು ನೋಡಿದೆ. ಹಳೆಯ ಯಂತ್ರಕ್ಕೆ ಅವಸರ ಮಾಡುವವನು ನಾಳೆ ಮನೆಯ ಹಿರಿಯರಿಗೂ ಅವಸರ ಮಾಡುತ್ತಾನೆ, ಎಂದು. "ಅವರು ಸ್ವಲ್ಪ ಸ್ಲೋ" ಎಂಬುದು ನಮ್ಮ ಮಾತಿನಲ್ಲಿ ಬೈಗುಳವೇ ಆಗಿಬಿಟ್ಟಿರುವ ಕಾಲದಲ್ಲಿ ಈ ವಾದ ಕೇಳಲು ಇಂಪಾಗಿದೆ. ಆದರೆ ನಿಜವಲ್ಲ. ನಾನು ಕಂಡಂತೆ ಈ ಕೆಲಸ ಮಾಡುವವರು ಅಪಾರ ತಾಳ್ಮೆಯವರು. ಸಾಸಿವೆಯಷ್ಟು ದೊಡ್ಡ ಬೆಸುಗೆಯೊಂದನ್ನು ಸರಿಮಾಡಲು ಸಂಜೆಯೆಲ್ಲ ಕೂರುತ್ತಾರೆ. ಅವರ ಮನಸ್ಸು ಕೆಡುತ್ತದೆಂದು ಹೇಳುವುದು ಅನ್ಯಾಯ. ಯಂತ್ರಕ್ಕೆ ನೋವಾಗುತ್ತದೆ ಎನ್ನುವುದಂತೂ ಬರೀ ಕವಿಸಮಯ.

ಹೀಗೆ ಒಂದೊಂದೇ ವಾದವನ್ನು ಬಿಟ್ಟುಕೊಡುತ್ತ ಬಂದರೆ ಕೊನೆಗೆ ಉಳಿಯುವುದು ಒಂದು. ಎದುರಿಗಿಲ್ಲದವರ ಪಾಲು. ಆ ತಾಳವನ್ನು ನಂಬಿ ಬರೆದವರು ಇಲ್ಲಿಲ್ಲ, ಕೆಲವರು ಬದುಕಿಯೂ ಇಲ್ಲ. ಮುಂದೆ ಎಂದೋ ಕುತೂಹಲದಿಂದ ಇದನ್ನು ಹುಡುಕಿಕೊಂಡು ಬರುವವರು ಇನ್ನೂ ಬಂದಿಲ್ಲ. ಇವರಿಬ್ಬರ ನಡುವೆ ವಸ್ತುವನ್ನು ಕೈಯಲ್ಲಿ ಹಿಡಿದಿರುವುದು ನಾವು. ದಾಸ್ತಾನು ಕರಗುತ್ತಿದೆ. 1976ರಿಂದ ಬರುತ್ತಿದ್ದ ಝಡ್80 ಪ್ರೊಸೆಸರಿನ ಮೂಲ ಸರಣಿಗೆ ಕೊನೆಯ ಬೇಡಿಕೆ ಸಲ್ಲಿಸಿ ಎಂದು ಝೈಲಾಗ್ ಕಂಪನಿ 2024ರಲ್ಲಿ ಹೇಳಿತು. ಫೆರಾಂಟಿಯ ಯುಎಲ್ಎ ತಯಾರಾಗುವುದು ಎಂದೋ ನಿಂತಿದೆ. ಈ ಯಂತ್ರದ ಮೆಮೊರಿ ಚಿಪ್ಪುಗಳಿಗೆ ಮೂರು ಬಗೆಯ ವೋಲ್ಟೇಜ್ ಬೇಕು. ಅದರಲ್ಲಿ ಒಂದು ತಪ್ಪಿದರೆ ಸುಟ್ಟುಹೋಗಲೂಬಹುದು. ಲಕ್ಷಗಟ್ಟಲೆ ಇದ್ದದ್ದು ಹೀಗೆ ಒಂದೊಂದಾಗಿಯೇ ಇಲ್ಲವಾಗುವುದು.

ಇದರರ್ಥ ವೇಗದ ಆಸೆಯನ್ನೇ ಬಿಡಬೇಕೆಂದಲ್ಲ. ಹಳೆಯದನ್ನು ಕಡಿಯದೆ ವೇಗ ಪಡೆಯುವ ದಾರಿಯನ್ನು ಆ ಕಾಲದವರೇ ತೋರಿಸಿದ್ದಾರೆ. 1981ರ ಬಿಬಿಸಿ ಮೈಕ್ರೋ ನೋಡಿ. ಅದು ನಮ್ಮವರಲ್ಲಿ ಅನೇಕರು ಕಂಡ ಯಂತ್ರವೂ ಹೌದು. 1984ರಲ್ಲಿ ಕೇಂದ್ರ ಸರ್ಕಾರ ಶಾಲೆಗಳಿಗಾಗಿ ಶುರುಮಾಡಿದ ಕ್ಲಾಸ್ ಎಂಬ ಕಂಪ್ಯೂಟರ್ ಯೋಜನೆಯಲ್ಲಿ ಬಳಸಿದ್ದು ಅದನ್ನೇ. ಅದಕ್ಕೆ ಟ್ಯೂಬ್ ಎಂಬ ಒಂದು ಕಿಂಡಿಯಿತ್ತು. ಎರಡನೆಯ ಪ್ರೊಸೆಸರನ್ನು ಅಲ್ಲಿ ಜೋಡಿಸಿದರೆ ಕಷ್ಟದ ಲೆಕ್ಕವನ್ನು ಹೊಸಬ ಮಾಡುತ್ತಾನೆ. ಹಳಬ ತನ್ನ 2 ಮೆಗಾಹರ್ಟ್ಜ್‌ನಲ್ಲೇ ಕೀಲಿಮಣೆ, ಪರದೆ, ಡಿಸ್ಕು ನೋಡಿಕೊಳ್ಳುತ್ತಾನೆ. ಇಂದು ಜಗತ್ತಿನ ಫೋನುಗಳನ್ನೆಲ್ಲ ಓಡಿಸುತ್ತಿರುವ ಎಆರ್‌ಎಂ ಪ್ರೊಸೆಸರಿನ ಮೊದಲ ಚಿಪ್ 1985ರಲ್ಲಿ ತನ್ನ ಮೊದಲ ಕೆಲಸ ಮಾಡಿದ್ದು ಹೀಗೆ ಬಿಬಿಸಿ ಮೈಕ್ರೋವಿನ ಪಕ್ಕದಲ್ಲಿ ಕೂತು. ಬೇಡವೆಂದಾಗ ಕೇಬಲ್ ಕಿತ್ತರೆ ಆಯಿತು. ಸ್ಪೆಕ್ಟ್ರಮ್‌ನ ಅಭಿಮಾನಿಗಳು ಸೇರಿ ತಯಾರಿಸಿದ ಸ್ಪೆಕ್ಟ್ರಮ್ ನೆಕ್ಸ್ಟ್‌ನಲ್ಲೂ 3.5ರಿಂದ 28 ಮೆಗಾಹರ್ಟ್ಜ್‌ವರೆಗೆ ಬೇಕಾದ ವೇಗ ಆರಿಸಿಕೊಳ್ಳಬಹುದು. ಹಳೆಯ ತಾಳ ಅಲ್ಲಿ ಅಳಿಸಿಹೋಗಿಲ್ಲ, ಹಲವರಲ್ಲಿ ಒಂದಾಗಿ ಉಳಿದಿದೆ.

ನಿಧಾನಕ್ಕೂ ಅದರದ್ದೇ ಗೌರವವಿದೆ. ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕಿನಲ್ಲಿರುವ ಕಂಪ್ಯೂಟಿಂಗ್ ಮ್ಯೂಸಿಯಮ್ಮಿನಲ್ಲಿ 1951ರ ಹಾರ್ವೆಲ್ ಡೆಕಟ್ರಾನ್ ಎಂಬ ಯಂತ್ರವನ್ನು 2012ರಲ್ಲಿ ಮತ್ತೆ ಓಡುವಂತೆ ಮಾಡಿದರು. ತೂಕ ಎರಡೂವರೆ ಟನ್. ಒಂದು ಗುಣಾಕಾರಕ್ಕೆ ಹಲವು ಸೆಕೆಂಡು ಬೇಕು. ಹಾರ್ವೆಲ್‌ನಲ್ಲಿದ್ದಾಗ ಗಣಿತಜ್ಞರೊಬ್ಬರು ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರ ಹಿಡಿದು ಅದರೊಡನೆ ಪಂದ್ಯ ಕಟ್ಟಿದರಂತೆ. ಅರ್ಧ ಗಂಟೆ ಸರಿಸಮನಾಗಿ ನಿಂತು, ಆಮೇಲೆ ಸುಸ್ತಾಗಿ ಎದ್ದರು. ಯಂತ್ರ ತನ್ನ ಪಾಡಿಗೆ ನಡೆದೇ ಇತ್ತು. ಅದನ್ನು ದುರಸ್ತಿ ಮಾಡಿದವರು ಅದಕ್ಕೆ ವೇಗ ಕೊಡಲು ಹೋಗಲಿಲ್ಲ. ಕೊಟ್ಟಿದ್ದರೆ ಈ ಕಥೆಯ ಅರ್ಥವೇ ಇಂದಿನ ಮಗುವಿಗೆ ಕಣ್ಣಾರೆ ಕಾಣುತ್ತಿರಲಿಲ್ಲ.

ಗೆಳೆಯರಿಗೆ ನಾನು ಹೇಳಿದ್ದು ಇಷ್ಟು. ಕೆಟ್ಟ ಬೋರ್ಡೊಂದು ಸಿಕ್ಕರೆ ಅದರ ಮೇಲೆ ಬೇಕಾದ್ದು ಮಾಡಿ. ಅಲ್ಲಿ ಕಳೆಯುವುದೇನೂ ಇಲ್ಲ, ಕಲಿಯುವುದು ಬೇಕಾದಷ್ಟಿದೆ. ಚೆನ್ನಾಗಿ ಓಡುತ್ತಿರುವುದಕ್ಕೆ, ಮತ್ತೆ ಹಿಂದಿನಂತೆ ಮಾಡಲಾಗದ್ದನ್ನು ಮಾಡಬೇಡಿ.

"ನನ್ನ ನಂತರ ಇದು ಗುಜರಿಗೇ ಹೋಗೋದು," ಎಂದರು ಅವರು. "ಮಕ್ಕಳಿಗೆ ಇದರಲ್ಲಿ ಆಸಕ್ತಿಯಿಲ್ಲ. ಯಾರಿಗೋಸ್ಕರ ಕಾಪಾಡಲಿ?"

ಇದಕ್ಕೆ ನನ್ನ ಹತ್ತಿರ ಗೆಲ್ಲುವ ಉತ್ತರವಿಲ್ಲ. ಅವರು ಹೇಳಿದ್ದು ನಿಜವಾಗಬಹುದು. ಆದರೆ ಗುಜರಿಯಿಂದಲೂ ವಸ್ತುಗಳು ಎದ್ದು ಬಂದದ್ದುಂಟು. ಎದ್ದು ಬರುವ ವಸ್ತು ತನ್ನ ಕಾಲದ ಟೇಪನ್ನು ಗುರುತಿಸಬಲ್ಲದ್ದಾಗಿರಬೇಕೋ ಬೇಡವೋ ಎಂಬುದು ಮಾತ್ರ ಇವತ್ತು ನಮ್ಮ ಕೈಯಲ್ಲಿದೆ. ವಾರಸುದಾರರು ಯಾರೆಂದು ಗೊತ್ತಿಲ್ಲದಿರುವುದು ವಾರಸುದಾರರೇ ಇಲ್ಲವೆಂದಂತಲ್ಲ. ಮುಂದಿನವರಿಗೆ ಬೇಕೆನಿಸಿದರೆ ಅವರು ಅದರ ಜಾಡನ್ನು ಕಡಿದು ಓಡಿಸಲಿ. ನಾವು ಈಗಲೇ ಕಡಿದರೆ ಅವರಿಗೆ ಆ ಆಯ್ಕೆಯೂ ಉಳಿಯುವುದಿಲ್ಲ. ಅವರು ಕತ್ತರಿ ಕೆಳಗಿಟ್ಟಿದ್ದಾರೋ ಇಲ್ಲವೋ ನಾನಿನ್ನೂ ಕೇಳಿಲ್ಲ.